ಸಿಕ್ ರೂಮಿನ ಮಾತು ಜಗಲಿಗೆ ಬಂದಾಗ

(ಗುರುತು ಸಿಗಬಾರದೆಂದು ಊರು ಮತ್ತು ಮನೆತನದ ವಿವರಗಳನ್ನು ಬದಲಿಸಿದ್ದೇನೆ. ಬಾಲಕಿ, ಆಕೆಯ ಪೋಷಕರು ಹಾಗೂ ಶುಶ್ರೂಷಕಿ ಎಲ್ಲರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ತೀರ್ಥಹಳ್ಳಿ ಸೀಮೆಯ ವಸತಿ ಶಾಲೆಯೊಂದರ ಶುಶ್ರೂಷಕಿ ನನ್ನಲ್ಲಿಗೆ ಬಂದದ್ದು ಕೆಲಸ ಬಿಡಲೇ ಬೇಡವೇ ಎಂದು ಕೇಳಲು. ಮಕ್ಕಳು ಅವರನ್ನು ಸಿಸ್ಟರ್ ಎನ್ನುತ್ತಾರೆ. ಇಲ್ಲಿಯೂ ಹಾಗೆಯೇ ಇರಲಿ. ಹತ್ತು ದಿನಗಳ ಹಿಂದೆ ಹತ್ತನೆಯ ತರಗತಿಯವರಿಗೆ ಧನುರ್ವಾಯು ಮತ್ತು ಗಂಟಲಮಾರಿ ತಡೆಯುವ ಟಿಡಿ ಚುಚ್ಚುಮದ್ದು ಇತ್ತು. ಪ್ರಾರ್ಥನೆ ಮುಗಿದ ಕೂಡಲೇ, ತಿಂಡಿಗೂ ಮೊದಲು, ಹುಡುಗರನ್ನೂ ಹುಡುಗಿಯರನ್ನೂ ಜಗಲಿಯಲ್ಲಿ ಒಂದೇ ಸಾಲಿನಲ್ಲಿ ನಿಲ್ಲಿಸಲಾಗಿತ್ತು. ಆರನೆಯವಳಾಗಿದ್ದ ಹುಡುಗಿ ತನ್ನ ಸರದಿ ಬಂದಾಗ ಮೆಲ್ಲಗೆ, "ಸಿಸ್ಟರ್, ನಾನು ಹೊರಗಾಗಿದ್ದೀನಿ, ಇವತ್ತೇ ಹಾಕಿಸ್ಕೋಬೇಕಾ?" ಎಂದಳು. ಸಿಸ್ಟರ್, "ಇರುವೆ ಕಚ್ಚಿದ ಹಾಗೆ ಅಷ್ಟೇ, ತೋಳು ಕೊಡು" ಎಂದರು. ಚುಚ್ಚಿಸಿಕೊಂಡು ನಾಲ್ಕು ಹೆಜ್ಜೆ ನಡೆದವಳು ಕುಸಿದು ಬಿದ್ದಳು. ಅವಳನ್ನು ನೋಡಿ ಇನ್ನೂ ನಾಲ್ವರು ಬಿದ್ದರು. ಅವರಲ್ಲಿ ಇಬ್ಬರಿಗೆ ಸೂಜಿ ಇನ್ನೂ ತಾಗಿರಲೇ ಇಲ್ಲ.

ಸಿಸ್ಟರ್ ಕೈಕಾಲು ಬಿಡಲಿಲ್ಲ. ಮಲಗಿಸಿ, ಕಾಲುಗಳನ್ನು ಮೇಲೆತ್ತಿ, ನಾಡಿ ಹಿಡಿದು ನೋಡಿದರು. ನಾಡಿ ನಿಧಾನವಾಗಿತ್ತು, ಮೈ ಬಿಳಿಚಿ ಬೆವತಿತ್ತು, ಉಸಿರಾಟ ಸಲೀಸಾಗಿತ್ತು, ದದ್ದುಗಳಿರಲಿಲ್ಲ. ಹಾಗಾಗಿ ಇದು ಹೆದರಿಕೆಯಿಂದ ಬಂದ ಬವಳಿಯೇ ಹೊರತು ಅಡ್ರಿನಲಿನ್ ಕೊಡಬೇಕಾದ ತೀವ್ರ ಅಲರ್ಜಿಯಲ್ಲ ಎಂದು ಸರಿಯಾಗಿಯೇ ತೀರ್ಮಾನಿಸಿದರು. ಎರಡೇ ನಿಮಿಷದಲ್ಲಿ ಹುಡುಗಿ ಕಣ್ಣು ಬಿಟ್ಟಳು.

ತಪ್ಪಾದದ್ದು ಆಮೇಲೆ. ಗಾಬರಿಯಿಂದ ಓಡಿ ಬಂದ ತರಗತಿ ಶಿಕ್ಷಕರಿಗೆ ಸಿಸ್ಟರ್ ಎಲ್ಲರೆದುರೇ, "ಏನಿಲ್ಲ ಸಾರ್, ಮುಟ್ಟಾಗಿದ್ದಾಳೆ, ಅದಕ್ಕೇ ಸುಸ್ತು" ಎಂದುಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಅದು ಹುಡುಗರ ಬಾಯಿಗೆ ಬಿತ್ತು. ಶನಿವಾರ ಮನೆಗೆ ಹೋದವಳು ಸೋಮವಾರ ಹಿಂದಿರುಗಲಿಲ್ಲ. ಮುಟ್ಟಿನಲ್ಲಿ ಸೂಜಿ ಚುಚ್ಚಿಸಿಕೊಂಡರೆ ಮಕ್ಕಳಾಗುವುದಿಲ್ಲವೆಂದು ಅಜ್ಜಿ ಹೇಳಿದ್ದರು. ಐದನೆಯ ತರಗತಿಯ ತಂಗಿಗೆ ಟಿಡಿ ಬೇಡವೇ ಬೇಡವೆಂದು ತಂದೆ ಪತ್ರ ಕಳಿಸಿದ್ದರು.

"ನಾನು ಸುಳ್ಳು ಹೇಳಲಿಲ್ಲವಲ್ಲ ಮೇಡಂ" ಎಂದು ಸಿಸ್ಟರ್ ಎರಡು ಸಲ ಹೇಳಿದರು. ಹೌದು, ಹೇಳಲಿಲ್ಲ. ಆದರೆ ಆ ಸತ್ಯ ಅವರದಾಗಿರಲಿಲ್ಲ. ಶಿಕ್ಷಕರಿಗೆ ಬೇಕಾಗಿದ್ದದ್ದು ಹುಡುಗಿ ಸುರಕ್ಷಿತವಾಗಿದ್ದಾಳೆ, ಅರ್ಧ ಗಂಟೆ ಮಲಗಿರಬೇಕು ಎಂಬಷ್ಟು ಮಾತ್ರ.

ಹುಡುಗಿ ತಾಯಿಯೊಡನೆ ಬಂದಳು. ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿದ ಮೇಲೆ ಬಾಯಿಬಿಟ್ಟಳು. ಪ್ರತಿ ತಿಂಗಳೂ ಒಂಬತ್ತು ದಿನ ಸ್ರಾವವಾಗುತ್ತದೆ, ಮೊದಲ ಮೂರು ದಿನ ಪ್ಯಾಡ್ ಒಂದೂವರೆ ಗಂಟೆಗೆ ತೊಯ್ದುಹೋಗುತ್ತದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣದ ಮಾತ್ರೆ ಖಾಲಿ ಹೊಟ್ಟೆಗೆ ವಾಕರಿಕೆ ತರುತ್ತಿದ್ದುದರಿಂದ ಹಾಸ್ಟೆಲಿನ ಕಿಟಕಿಯಿಂದ ಎಸೆಯುತ್ತಿದ್ದಳಂತೆ. ಸಿಸ್ಟರ್ ಮರುದಿನ ಹೋಗಿ ನೋಡಿದರೆ ಕಿಟಕಿಯ ಕೆಳಗಿನ ಚರಂಡಿಯ ಪಾಚಿಯಲ್ಲಿ ಮಾತ್ರೆಗಳು ಬಣ್ಣ ಬಿಟ್ಟು, ಅಕ್ಕಪಕ್ಕದ ಕಲ್ಲಿಗೂ ನೀಲಿ ಹತ್ತಿತ್ತು. ಒಬ್ಬಳು ಎಸೆದಷ್ಟೇ ಆಗಿರಲಿಲ್ಲ ಅದು.

ಏಳು ದಿನ ಮೀರಿದ ಸ್ರಾವವನ್ನು "ಕೆಲವರಿಗೆ ಹಾಗೇ" ಎಂದು ಬಿಡಲಾಗದು. ರಕ್ತ ಹೆಪ್ಪುಗಟ್ಟುವಿಕೆಯಲ್ಲಿ ಹುಟ್ಟಿನಿಂದ ಬಂದ ದೋಷವಿದ್ದರೆ ಹಲವು ಹುಡುಗಿಯರಲ್ಲಿ ಅದು ಮೊದಲು ಕಾಣಿಸಿಕೊಳ್ಳುವುದೇ ಹೀಗೆ. ತಾಲ್ಲೂಕು ಆಸ್ಪತ್ರೆಯಲ್ಲಿ ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್‌ಗೆ ಕಳಿಸಿದೆ. ಹಿಮೋಗ್ಲೋಬಿನ್ 9.2 ಇತ್ತು, ಈ ವಯಸ್ಸಿಗೆ ಕನಿಷ್ಠ 12 ಇರಬೇಕು. ವೈದ್ಯರು ದಿನವೂ ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಅದನ್ನು ಊಟವಾದ ಮೇಲೆ ತೆಗೆದುಕೊಳ್ಳಬೇಕು, ಅದರ ಹಿಂದೆಯೇ ಕಾಫಿ ಕುಡಿಯಬಾರದು ಎಂದು ಹೇಳಿದಾಗ ತಾಯಿ ನಕ್ಕರು: "ನಮ್ಮನೇಲಿ ಊಟದ ಹಿಂದೆ ಕಾಫಿ ಇಲ್ದೇ ಆಗೋದೇ ಇಲ್ಲ."

ತಂದೆಯೊಡನೆ ಮಾತು ಸುಲಭವಾಗಿರಲಿಲ್ಲ. "ಮಂಗನ ಕಾಯಿಲೆ ಚುಚ್ಚುಮದ್ದನ್ನು ವರ್ಷಗಟ್ಟಲೆ ಹಾಕಿ, ಕಡೆಗೆ ನಿಲ್ಲಿಸಿದ್ರಲ್ಲ ಮೇಡಂ, ಇದನ್ನ ಹ್ಯಾಗೆ ನಂಬೋದು?" ಎಂದರು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ರೋಗದ ನೆನಪು ಈ ಸೀಮೆಯಲ್ಲಿ ಇನ್ನೂ ಹಸಿಯಾಗಿರುವಾಗ ಅದು ಮೂರ್ಖ ಪ್ರಶ್ನೆಯೇನಲ್ಲ. ನಿರೀಕ್ಷಿಸಿದ ರಕ್ಷಣೆ ಸಿಗುತ್ತಿಲ್ಲವೆಂದೇ ಅದನ್ನು ನಿಲ್ಲಿಸಿದ್ದು ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡೆ. ಟಿಡಿಯ ಮಾತು ಬೇರೆ. ಧನುರ್ವಾಯುವಿನ ಬೀಜಾಣು ಮಣ್ಣಿನಲ್ಲಿ, ಕೊಟ್ಟಿಗೆಯ ಗೊಬ್ಬರದಲ್ಲಿ ಇರುತ್ತದೆ. ಅದು ಮನುಷ್ಯರಿಂದ ಮನುಷ್ಯರಿಗೆ ಹರಡುವಂಥದ್ದಲ್ಲವಾದ್ದರಿಂದ ಊರಿನವರೆಲ್ಲ ಹಾಕಿಸಿಕೊಂಡರೂ ಹಾಕಿಸಿಕೊಳ್ಳದವರಿಗೆ ಅದರಿಂದ ಕಾವಲಿಲ್ಲ. ಶಿಶುವಾಗಿದ್ದಾಗ ಪಡೆದ ರಕ್ಷಣೆ ವರ್ಷಗಳೊಂದಿಗೆ ಕರಗುತ್ತದೆ, ಅದಕ್ಕಾಗಿಯೇ 10 ಮತ್ತು 16ನೆಯ ವಯಸ್ಸಿನಲ್ಲಿ ಮತ್ತೆ ಕೊಡುವುದು. ಮುಟ್ಟಿನ ದಿನಗಳಲ್ಲಿ ಹಾಕಿಸಿಕೊಂಡರೆ ಗರ್ಭಕ್ಕೆ ಯಾವ ಹಾನಿಯೂ ಇಲ್ಲ ಎಂಬುದನ್ನು ಅಜ್ಜಿಗೆ ಫೋನಿನಲ್ಲಿ ನಾನೇ ಹೇಳಿದೆ. ಅವರು ಹೂಂ ಎಂದರು, ಅಷ್ಟೇ.

ಸಿಸ್ಟರ್‌ಗೆ ಕೊಟ್ಟ ಸಲಹೆ ಇದು. ಕೆಲಸ ಬಿಡಬೇಡಿ. ಹುಡುಗಿಯಲ್ಲಿ ಕ್ಷಮೆ ಕೇಳಿ, ಆದರೆ ಸಿಕ್ ರೂಮಿನಲ್ಲಿ, ಬಾಗಿಲು ಮುಚ್ಚಿ. ಮುಖ್ಯೋಪಾಧ್ಯಾಯರು ಸೂಚಿಸಿದಂತೆ ಪ್ರಾರ್ಥನೆಯ ಹೊತ್ತಿನಲ್ಲಿ ಕೇಳಿದರೆ ಅದು ಅವಳ ಗುಟ್ಟನ್ನು ಎರಡನೆಯ ಸಲ ಬಯಲು ಮಾಡಿದಂತೆ. ಪೋಷಕರ ಒಪ್ಪಿಗೆ ಪತ್ರ ಕೈಯಲ್ಲಿದ್ದರೂ ಮಗು ಹಿಂಜರಿದರೆ ಒಂದು ನಿಮಿಷ ನಿಂತು ಕೇಳಿಸಿಕೊಳ್ಳಿ. ತಿಂಡಿಯಾದ ಮೇಲೆ, ಪರದೆಯ ಹಿಂದೆ, ಕೂರಿಸಿ ಅಥವಾ ಮಲಗಿಸಿ ಚುಚ್ಚಿಸಿ. ಹೆದರುವವರನ್ನು ಮೊದಲು ಕರೆಯಿರಿ, ಕಾದಷ್ಟೂ ಹೆದರಿಕೆ ಬೆಳೆಯುತ್ತದೆ. ಹಾಗೆಂದು "ಯಾರಿಗೂ ಹೇಳುವುದಿಲ್ಲ" ಎಂದು ಭಾಷೆಯನ್ನೂ ಕೊಡಬೇಡಿ. ಹದಿನೆಂಟು ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ವರದಿ ಮಾಡಲೇಬೇಕು, ಪ್ರಾಣಕ್ಕೆ ಅಪಾಯವಿದ್ದಾಗಲೂ ಸುಮ್ಮನಿರಲಾಗದು. ಈ ಎಲ್ಲೆಯನ್ನು ಮಗು ಬಾಯಿಬಿಡುವ ಮೊದಲೇ ತಿಳಿಸಬೇಕು, ಆಮೇಲಲ್ಲ.

ಮೂರು ವಾರಗಳ ನಂತರ ಹುಡುಗಿ ಹಾಸ್ಟೆಲಿಗೆ ಮರಳಿದಳು. ಮಾತ್ರೆ ನುಂಗುತ್ತಿದ್ದಾಳೆ, ರಕ್ತ ಹೆಪ್ಪುಗಟ್ಟುವಿಕೆಯ ಪರೀಕ್ಷೆಗೆ ಶಿವಮೊಗ್ಗಕ್ಕೆ ಹೋಗುವುದು ಬಾಕಿಯಿದೆ. ಸಿಸ್ಟರ್ ಕ್ಷಮೆ ಕೇಳಿದಾಗ ಅವಳು ಏನೂ ಹೇಳದೆ ಪ್ಯಾಡ್ ಕೇಳಿ ಪಡೆದು ಹೋದಳಂತೆ. ತಂಗಿಯ ಚುಚ್ಚುಮದ್ದಿನ ಬಗ್ಗೆ ತಂದೆ, "ಅಡಿಕೆ ಕೊಯ್ಲು ಮುಗೀಲಿ, ನೋಡಾಣ" ಎಂದಿದ್ದಾರೆ. ಕೊಯ್ಲು ಮುಗಿದ ವಾರ ಅವರಿಗೆ ಫೋನ್ ಮಾಡಬೇಕೆಂದು ಸಿಸ್ಟರ್ ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದಾರೆ.