ಕ್ಯಾರಿಬೂ ಬೇಟೆಗೆ ಅಜ್ಜ ಅಜ್ಜಿ ಹೊರಟರೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಅಲಾಸ್ಕಾದ ಕ್ಯಾರಿಬೂ ಜಿಂಕೆಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆವು. ಪ್ರಶ್ನೆಗಳು ಬಂದವು ನೋಡಿ! ತುಮಕೂರು, ಕೋಲಾರ ಕಡೆಯ ಎಷ್ಟು ಮನೆಗಳ ಮಕ್ಕಳು ಅಷ್ಟು ದೂರ ಹೋಗಿದ್ದಾರೆ ಅಂತ ಆಗಲೇ ಗೊತ್ತಾಗಿದ್ದು. ಈ ಸಲ ಅವಕ್ಕೇ ಉತ್ತರ.

ಪ್ರಶ್ನೆ: ಮಗ, ಸೊಸೆ ಬಹಳ ವರ್ಷದಿಂದ ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಲ್ಲಿದ್ದಾರೆ. ಆಗಸ್ಟ್‌ನಲ್ಲಿ ನಾವಿಬ್ಬರೂ ಹೋಗುತ್ತಿದ್ದೇವೆ. ಅವರು ಪ್ರತಿ ವರ್ಷ ಮಕ್ಕಳನ್ನೂ ಕಟ್ಟಿಕೊಂಡು ಉತ್ತರಕ್ಕೆ ಕ್ಯಾರಿಬೂ ಬೇಟೆಗೆ ಹೋಗುತ್ತಾರಂತೆ. ಈ ಸಲ ನೀವೂ ಬನ್ನಿ ಅಂತ ಒಂದೇ ಹಟ. ಅಲ್ಲಿ ಕರಡಿ ಜಾಸ್ತಿ ಅಂತ ಕೇಳಿ ನನಗೆ ನಿದ್ದೆ ಇಲ್ಲ. ಯಜಮಾನರು ಮಾತ್ರ ಈಗಲೇ ಬೂಟು ಕೊಂಡಿಟ್ಟಿದ್ದಾರೆ. ಹೋಗೋದಾ, ಬೇಡವಾ?
ಓದುಗರು, ಮಧುಗಿರಿ

ಹೋಗಿ ಅಮ್ಮಾ. ಬೂಟು ಬೇರೆ ಬಂದಾಗಿದೆ.

ಕರಡಿ ನಿಮಗೆ ಹೊಸದೇನಲ್ಲ. ಮಧುಗಿರಿ, ಪಾವಗಡ, ಕೊರಟಗೆರೆಯ ಬಂಡೆಗುಡ್ಡಗಳಲ್ಲಿ ನಮ್ಮದೇ ಕರಡಿಗಳಿವೆ. ಗೆದ್ದಲು, ಹಣ್ಣು, ಜೇನು ಅವುಗಳ ಊಟ. ಬೆಳಗಿನ ಜಾವ ಹೊಲಕ್ಕೆ ಹೋದವರು ಎದುರಿಗೇ ಸಿಕ್ಕಿಬಿಟ್ಟರೆ ಗಾಬರಿಯಲ್ಲಿ ಮೇಲೆ ಬೀಳುತ್ತವೆ, ತಿನ್ನೋಕೆ ಅಲ್ಲ. ಅಲ್ಲಿರುವುದು ಗ್ರಿಜ್ಲಿ. ನಮ್ಮ ಗಂಡು ಕರಡಿ ಒಂದೂವರೆ ಕ್ವಿಂಟಾಲ್ ಒಳಗೇ ತೂಗುತ್ತದೆ, ಅಲಾಸ್ಕಾದ ಕರಾವಳಿಯಲ್ಲಿ ಮೀನು ತಿಂದು ಕೊಬ್ಬಿದ ದೊಡ್ಡ ಗಂಡು ಆರು ಕ್ವಿಂಟಾಲನ್ನೂ ದಾಟಬಹುದು. ನೀವು ಹೋಗುವ ಉತ್ತರದ ಬಯಲಿನ ಗ್ರಿಜ್ಲಿ ಅಷ್ಟು ದೊಡ್ಡದಲ್ಲ. ಆದರೆ ಅದಕ್ಕೆ ಮಾಂಸ ಬೇಕು. ಆಗಸ್ಟ್‌, ಸೆಪ್ಟೆಂಬರ್‌ನಲ್ಲಿ ಚಳಿಗಾಲದ ನಿದ್ದೆಗೆ ಮೈ ತುಂಬಿಸಿಕೊಳ್ಳುವ ಆತುರ ಬೇರೆ. ಅದರ ಮೂಗೋ, ಕೇಳಲೇಬೇಡಿ.

ಹಾಗಾಗಿ ನಿಮ್ಮ ಭಯಕ್ಕೆ ನಾನು ಜಾಗ ಬದಲಿಸುತ್ತೇನೆ. ಕ್ಯಾರಿಬೂ ಬೀಳುವ ತನಕ ಜಾಸ್ತಿ ಹೆದರಬೇಡಿ. ಬಿದ್ದ ಮೇಲೆ ಹುಷಾರು. ರಕ್ತ, ಕರುಳು, ಮಾಂಸದ ವಾಸನೆ ಗಾಳಿಗೆ ಸೇರಿತು ಅಂದರೆ ಆ ಬಯಲಿಗೆಲ್ಲ ಊಟದ ಕರೆ ಹೋದಂತೆ.

ಫೇರ್‌ಬ್ಯಾಂಕ್ಸ್‌ನವರು ರಸ್ತೆ ಮೇಲೇ ಹೋಗುವುದಾದರೆ ಸಾಮಾನ್ಯವಾಗಿ ಡಾಲ್ಟನ್ ಹೈವೇ ಹಿಡಿಯುತ್ತಾರೆ. 1974ರಲ್ಲಿ ಎಣ್ಣೆ ಪೈಪ್‌ಲೈನ್‌ಗೋಸ್ಕರ ಮಾಡಿದ ರಸ್ತೆ ಅದು. ಸುಮಾರು 666 ಕಿ.ಮೀ., ಬಹುಪಾಲು ಜಲ್ಲಿ, ಮೈಮೇಲೆ ಕಲ್ಲು ಹಾರಿಸಿಕೊಂಡು ಹೋಗುವ ಭಾರೀ ಲಾರಿಗಳು. ಕೋಲ್ಡ್‌ಫುಟ್ ಅನ್ನುವ ಜಾಗ ಬಿಟ್ಟರೆ ಮುಂದೆ 380 ಕಿ.ಮೀ.ಗೂ ಜಾಸ್ತಿ ದೂರ ಪೆಟ್ರೋಲ್ ಬಂಕೇ ಇಲ್ಲ. ನಡುವೆ ಅಟಿಗನ್ ಕಣಿವೆದಾರಿ, 1,400 ಮೀಟರ್ ಮೇಲೆ. ಅದು ದಾಟಿದರೆ ಮರವೇ ಇಲ್ಲದ ಟಂಡ್ರಾ. ಆಗಸ್ಟ್‌ನಲ್ಲೂ ಹಿಮ ಬೀಳಬಹುದು, ಸ್ವೆಟರ್ ಒಂದು ಸಾಲದು.

ಈ ರಸ್ತೆಗೆ ಒಂದು ವಿಶೇಷ ಕಾನೂನು. ಯುಕಾನ್ ನದಿಯಿಂದ ಉತ್ತರಕ್ಕೆ ರಸ್ತೆಯ ಎರಡೂ ಕಡೆ 5 ಮೈಲಿ, ಅಂದರೆ 8 ಕಿ.ಮೀ. ಒಳಗೆ ಬೇಟೆಗೆ ಬಂದೂಕು ಹಾರಿಸುವಂತಿಲ್ಲ, ಬಿಲ್ಲು ಬಾಣ ಮಾತ್ರ. ಬಿಲ್ಲಿಗೂ ತರಬೇತಿ ಆಗಿದೆ ಅನ್ನುವ ಸರ್ಟಿಫಿಕೇಟ್ ಬೇಕು. ಬಂದೂಕೇ ಬೇಕು ಅಂದರೆ 8 ಕಿ.ಮೀ. ಒಳಕ್ಕೆ ನಡೆಯಬೇಕು. ಆ ನೆಲದಲ್ಲಿ ಹುಲ್ಲಿನ ಗಂಟುಗಳು, ಒಂದೊಂದೂ ಮಂಡಿಯೆತ್ತರ. ಮೇಲೆ ಕಾಲಿಟ್ಟರೆ ಹೊರಳುತ್ತದೆ, ಪಕ್ಕದಲ್ಲಿಟ್ಟರೆ ಕೆಸರು. ಅದರಲ್ಲಿ ಮಾಂಸ ಹೊತ್ತು ವಾಪಸ್ ಬರೋದನ್ನ ಯೋಚನೆ ಮಾಡಿ. ಬಲಿತ ಗಂಡು ಕ್ಯಾರಿಬೂ 160ರಿಂದ 180 ಕೆ.ಜಿ. ತೂಗುತ್ತದೆ. ಎಲುಬು ಬಿಡಿಸಿದರೂ 50 ಕೆ.ಜಿ. ಮೇಲೇ ಮಾಂಸ. ಒಂದು ಸಲಕ್ಕೆ ಮುಗಿಯುವ ಹೊರೆಯಲ್ಲ. ಮಗ ಬಂದೂಕಿನವನೋ ಬಿಲ್ಲಿನವನೋ ಅಂತ ಮೊದಲು ಕೇಳಿ. ಬಂದೂಕು ಅಂದರೆ ನೀವು ಗಾಡಿ ಹತ್ತಿರ ಉಳಿಯುವುದೇ ವಾಸಿ.

ಮಾಂಸ ಬಿಟ್ಟು ಬರೋಣ ಅಂದರೆ ಆಗಲ್ಲ. ಹಿಂದೊಡೆ, ಮುಂದೊಡೆ, ಬೆನ್ನು, ಕುತ್ತಿಗೆ, ಎದೆ, ಪಕ್ಕೆಲುಬಿನ ನಡುವಿನದು, ತಿನ್ನುವಂಥದ್ದೆಲ್ಲ ತರಲೇಬೇಕು. ಬಿಟ್ಟು ಬಂದರೆ ದಂಡ, ಜೈಲು ಎರಡೂ ಇದೆ. ಕೊಂಬು ಮಾತ್ರ ಹೊತ್ತು ಮೊದಲು ಓಡಿ ಬರುವಂತಿಲ್ಲ, ಮಾಂಸ ಬಂದ ಮೇಲೆ ಅಥವಾ ಕೊನೆಯ ಹೊರೆಯ ಜೊತೆ ಕೊಂಬು. ನನಗಂತೂ ಇದು ಬಹಳ ಒಳ್ಳೆಯ ಕಾನೂನು ಅನ್ನಿಸುತ್ತದೆ, ಫೋಟೋಗೋಸ್ಕರ ಹೊಡೆಯುವವರ ಉತ್ಸಾಹ ಅರ್ಧ ಇಲ್ಲೇ ಇಳಿಯುತ್ತೆ.

ಈಗ ನಿಮ್ಮ ಕೆಲಸ. ಹೊಸತೊಡಕಿನ ದಿನ ಗುಡ್ಡೆ ಬಾಡು ಹಾಕುವಾಗ ಒಬ್ಬರು ಸುಲಿಯೋದು, ಒಬ್ಬರು ಕೊಯ್ಯೋದು, ಒಬ್ಬರು ನಾಯಿ ಕಾಯೋದು ಅಂತ ಇರುತ್ತಲ್ಲ, ಇಲ್ಲೂ ಹಾಗೇ. ಕಾಯುವ ಕೆಲಸ ನಿಮ್ಮದು, ನಾಯಿ ಬದಲು ಕರಡಿ. ಕೊಯ್ಯುವವರು ತಲೆ ಬಗ್ಗಿಸಿರುತ್ತಾರೆ, ಕೈಯೆಲ್ಲ ರಕ್ತ, ಸುತ್ತ ನೋಡಲು ಪುರುಸೊತ್ತಿರಲ್ಲ. ನೀವು ನಿಂತುಕೊಂಡು ದುರ್ಬೀನು ಹಿಡಿದು ನೋಡುತ್ತಲೇ ಇರಿ, ಗಾಳಿ ಯಾವ ಕಡೆ ಬೀಸುತ್ತಿದೆಯೋ ಆ ಕಡೆಗೆ ಜಾಸ್ತಿ ಗಮನ, ಏಕೆಂದರೆ ವಾಸನೆ ಹೋಗುವುದು ಅತ್ತಲೇ. ಮೊಮ್ಮಕ್ಕಳು ನಿಮ್ಮ ಕೈಗೆ ಸಿಗುವಷ್ಟು ದೂರದಲ್ಲೇ ಇರಲಿ. ಕೊಯ್ದದ್ದನ್ನು ಗಾಳಿಯಾಡುವ ಬಟ್ಟೆ ಚೀಲಕ್ಕೆ ತುಂಬಿ ಕರುಳಿನ ರಾಶಿಯಿಂದ ಬೇಗ ದೂರ ಒಯ್ದು, ಎಲ್ಲಿಂದಲಾದರೂ ಕಾಣುವ ಬಯಲಲ್ಲಿ ಇಡುತ್ತಾರೆ. ಪೊದೆ ಪಕ್ಕ ಇಡಬಾರದು. ಎರಡನೇ ಹೊರೆಗೆ ಬರುವಾಗ ದೂರದಿಂದಲೇ ದುರ್ಬೀನಿನಲ್ಲಿ ನೋಡಿ, ಮಾಂಸದ ಮೇಲೆ ಕರಡಿ ಕೂತಿದ್ದರೆ ಹತ್ತಿರ ಹೋಗಲೇಬೇಡಿ. "ನಮ್ಮದು ಕಣಪ್ಪಾ" ಅಂತ ಅದಕ್ಕೆ ಹೇಳಿ ಪ್ರಯೋಜನ ಇಲ್ಲ.

ಟೆಂಟಿನ ವಿಷಯಕ್ಕೆ ಬಂದರೆ, ಅಡುಗೆ ಮತ್ತು ಮಾಂಸ ಎರಡೂ ಮಲಗುವ ಜಾಗದಿಂದ ನೂರು ಮೀಟರಾದರೂ ದೂರ. ಎಷ್ಟೋ ಜನ ಟೆಂಟಿನ ಸುತ್ತ ಬ್ಯಾಟರಿಯ ಕರೆಂಟು ಬೇಲಿ ಹಾಕುತ್ತಾರೆ, ಮಗನ ಹತ್ತಿರ ಇದೆಯಾ ಕೇಳಿ. ನಿಪ್ಪಟ್ಟು, ಚಟ್ನಿಪುಡಿ, ಹುರಿಗಾಳು ತೆಗೆದುಕೊಂಡು ಹೋಗೇ ಹೋಗ್ತೀರಿ, ಗೊತ್ತು. ಅದೆಲ್ಲ ಕರಡಿಗೆ ತೆಗೆಯಲಾಗದ ಡಬ್ಬದೊಳಗೆ ಇರಬೇಕು. ಟೂತ್‌ಪೇಸ್ಟು, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಕೂಡ. ದಿಂಬಿನ ಕೆಳಗೆ ಒಂದು ಪ್ಯಾಕೆಟ್ ಬಿಸ್ಕತ್ತು ಇಟ್ಟುಕೊಂಡು ಮಲಗುವ ಅಭ್ಯಾಸ ಯಜಮಾನರಿಗಿದ್ದರೆ ಅಲ್ಲಿ ಮರೆಸಿಬಿಡಿ.

ಕರಡಿ ಕಂಡರೆ ಓಡಬೇಡಿ. ಎಲ್ಲರೂ ಒಟ್ಟಿಗೆ ನಿಂತು, ಮೆಲ್ಲಗೆ ಮಾತಾಡುತ್ತಾ ಹಿಂದೆ ಸರಿಯಿರಿ. ಮೆಣಸಿನ ಖಾರದ ಸ್ಪ್ರೇ ಪ್ರತಿ ದೊಡ್ಡವರ ಸೊಂಟದಲ್ಲಿರಬೇಕು, ಬ್ಯಾಗಿನ ತಳದಲ್ಲಲ್ಲ. ಅದು ಸುಮಾರು 9 ಮೀಟರ್ ಹೋಗುತ್ತೆ ಅಷ್ಟೇ. ಎದುರು ಗಾಳಿಗೆ ಒತ್ತಿದರೆ ನಿಮ್ಮ ಕಣ್ಣಿಗೇ. ಸೊಳ್ಳೆ ಎಣ್ಣೆ ಥರ ಮೈಗೋ ಟೆಂಟಿಗೋ ಹೊಡೆದುಕೊಳ್ಳೋದಲ್ಲ. ವಿಮಾನದಲ್ಲಿ ಬಿಡಲ್ಲ, ಅಲ್ಲೇ ಕೊಳ್ಳಬೇಕು. ಗ್ರಿಜ್ಲಿ ಮೈಮೇಲೇ ಬಿದ್ದುಬಿಟ್ಟರೆ ಬೋರಲು ಮಲಗಿ, ಎರಡೂ ಕೈ ಕತ್ತಿನ ಹಿಂದೆ ಕಟ್ಟಿಕೊಂಡು ಅಲುಗಾಡದೆ ಇರಬೇಕು. ಇದನ್ನು ಮೊಮ್ಮಕ್ಕಳಿಗೆ ಮನೆಯಲ್ಲೇ ಆಟದ ಥರ ಕಲಿಸಿರುತ್ತಾರೆ. ಅವರ ಹತ್ತಿರ ನೀವೂ ಕಲಿಯಿರಿ.

ಇಷ್ಟು ಓದಿ ಮತ್ತೆ ನಿದ್ದೆ ಕೆಟ್ಟರೆ ಒಂದು ಸಮಾಧಾನ: ಬೇಟೆಗೆ ಹೋದವರಲ್ಲಿ ಬಹಳ ಜನ ಕಾಣುವುದು ಕರಡಿಯ ಹೆಜ್ಜೆ ಗುರುತು ಮಾತ್ರ. ಕ್ಯಾರಿಬೂ ಹಿಂಡು ಹತ್ತಿರ ಬಂದರೆ ಕಿವಿಗೊಟ್ಟು ಕೇಳಿ. ನಡೆಯುವಾಗ ಅವುಗಳ ಕಾಲಿನಿಂದ ಟಿಕ್ ಟಿಕ್ ಅಂತ ಸದ್ದು ಬರುತ್ತದೆ, ಪಾದದೊಳಗಿನ ಸ್ನಾಯುರಜ್ಜು ಮೂಳೆಯ ಮೇಲೆ ಜಾರುವುದರಿಂದ. ಒಂದೊಂದು ಹೆದರಿ ಓಡಿ, ಸ್ವಲ್ಪ ದೂರ ಹೋಗಿ, ಯಾರಿವರು ಅಂತ ತಿರುಗಿ ನಿಂತು ನೋಡುತ್ತದೆ. ಅದಕ್ಕಾದರೂ ಹೋಗಿ.

ಪ್ರಶ್ನೆ: ನಾನು ಟೂರಿಸ್ಟ್ ವೀಸಾದಲ್ಲಿ ಹೋಗುತ್ತಿದ್ದೇನೆ. ಭಾವನ ಬಂದೂಕಿನಲ್ಲಿ ಒಂದು ಕ್ಯಾರಿಬೂ ನಾನೂ ಹೊಡೆಯಬಹುದಾ? ಕೊಂಬು ಊರಿಗೆ ತರಬಹುದಾ?
ಓದುಗರು, ಚಿಂತಾಮಣಿ

ಎರಡಕ್ಕೂ ಬೇಡ ಅಂತಲೇ ಹೇಳುತ್ತೇನೆ. ಅಲಾಸ್ಕಾದಲ್ಲಿ 12 ತಿಂಗಳು ನೆಲೆಸಿದವರಿಗೆ ಒಂದು ನಿಯಮ, ಹೊರಗಿನ ಅಮೆರಿಕನ್ನರಿಗೆ ಇನ್ನೊಂದು, ನಮ್ಮಂಥ ಹೊರದೇಶದವರಿಗೆ ಮೂರನೆಯದು. ಹೊರಗಿನ ಅಮೆರಿಕನ್ ಪ್ರಜೆ ಕ್ಯಾರಿಬೂಗೆ ಗೈಡ್ ಇಲ್ಲದೆ ಹೋಗಬಹುದು, ಗ್ರಿಜ್ಲಿಗಾದರೆ ಗೈಡೋ ಅಲಾಸ್ಕಾದಲ್ಲೇ ನೆಲೆಸಿದ ಹತ್ತಿರದ ಸಂಬಂಧಿಯೋ ಜೊತೆಗಿರಬೇಕು. ಹೊರದೇಶದವರಿಗೆ ಯಾವ ದೊಡ್ಡ ಪ್ರಾಣಿಗಾದರೂ ಲೈಸೆನ್ಸ್ ಇರುವ ಗೈಡ್ ಬೇಕೇ ಬೇಕು. ಭಾವ ಎಷ್ಟೇ ಗಟ್ಟಿಗರಾದರೂ ಗೈಡ್ ಲೆಕ್ಕಕ್ಕೆ ಬರಲ್ಲ. ಸುಮ್ನೆ ಫೋಟೋಗೆ ಅಂತ ಕೂಡ ಬಂದೂಕು ಹಿಡಿಯಬೇಡಿ. ವೀಸಾದಲ್ಲಿರುವವರ ಕೈಗೆ ಬಂದೂಕು ಬಂದರೆ ಅಲ್ಲಿನ ಕೇಂದ್ರದ ಕಾನೂನೇ ಬೇರೆ.

ಮಾಂಸ ಹೊರಿ, ಅಡುಗೆ ಮಾಡಿ, ಯಾರೂ ಬೇಡ ಅನ್ನಲ್ಲ. ಕೊಂಬು ಭಾವನ ಗೋಡೆಯ ಮೇಲೇ ಚೆಂದ. ಕಾಡುಪ್ರಾಣಿಯ ಭಾಗ ಅಂತ ನಮ್ಮ ಏರ್‌ಪೋರ್ಟಿನ ಕಸ್ಟಮ್ಸ್‌ನವರ ಎದುರು ನಿಂತು ವಿವರಿಸುವ ಕಷ್ಟ ಯಾಕೆ? ಅಂದಹಾಗೆ ಕೊಂಬು ಕಂಡಿತು ಅಂತ ಗಂಡು ಅಂದುಕೊಳ್ಳಬೇಡಿ. ಜಿಂಕೆ ಜಾತಿಯಲ್ಲೇ ಹೆಣ್ಣಿಗೂ ಕೊಂಬು ಇರುವುದು ಇದೊಂದಕ್ಕೇ.

ಪ್ರಶ್ನೆ: ಅವರು ಮಕ್ಕಳನ್ನು ಕರೆದುಕೊಂಡು ಬೇಟೆ ಆಡಬಹುದು. ನಾವು ಶಿರಾದಲ್ಲಿ ಒಂದು ಮೊಲ ಹಿಡಿದರೆ ಕೇಸು. ಇದ್ಯಾವ ನ್ಯಾಯ?
ಓದುಗರು, ಶಿರಾ

ಕೋಪ ಅರ್ಥವಾಗುತ್ತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬೇಟೆಯ ಬಾಗಿಲು ಮುಚ್ಚಿದೆ. ಮೊಲಕ್ಕೂ ಅದೇ. ಕರಡಿ, ಕೃಷ್ಣಮೃಗ, ಚಿಂಕಾರದಂಥವು ಮೊದಲ ಪಟ್ಟಿಯಲ್ಲಿವೆ, ಅವನ್ನು ಕೊಂದರೆ 3ರಿಂದ 7 ವರ್ಷ ಜೈಲು. ನಿಮ್ಮ ಮಗ್ಗುಲಿನ ಬುಕ್ಕಾಪಟ್ಟಣದಲ್ಲಿ ಚಿಂಕಾರಕ್ಕೇ ಅಂತ 2019ರಲ್ಲಿ ಅಭಯಾರಣ್ಯ ಮಾಡಿದ್ದಾರೆ. ಮಧುಗಿರಿಯ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳು ಹೊಲದ ಪಕ್ಕದಲ್ಲೇ ಓಡಾಡುತ್ತವೆ. ಉಳಿದಿರುವುದು ಇಷ್ಟಿಷ್ಟು ಜಾಗ, ಸುತ್ತ ಜನವೋ ಜನ. ಇದನ್ನು ಅಲಾಸ್ಕಾದ ಬಯಲಿನ ಜೊತೆ ತೂಗಿದರೆ ತಕ್ಕಡಿ ನಿಲ್ಲಲ್ಲ.

ಅಲ್ಲೂ ಲೆಕ್ಕ ಇಲ್ಲದೆ ಬಿಟ್ಟಿಲ್ಲ. ಪಶ್ಚಿಮ ಆರ್ಕ್ಟಿಕ್ ಹಿಂಡು ಅಂತ ಒಂದಿದೆ. 2003ರಲ್ಲಿ ಅದರಲ್ಲಿ ಸುಮಾರು 4.9 ಲಕ್ಷ ಕ್ಯಾರಿಬೂ ಇದ್ದವು. ವಿಮಾನದಿಂದ ಫೋಟೋ ತೆಗೆದು ಎಣಿಸುತ್ತಾರೆ. 2023ರ ಎಣಿಕೆಗೆ ಸುಮಾರು 1.52 ಲಕ್ಷಕ್ಕೆ ಇಳಿದಿತ್ತು. ಅಲ್ಲಿನ ಮೂಲನಿವಾಸಿ ಇನುಪಿಯಾಕ್ ಜನರಿಗೆ ಇದು ಮೋಜಲ್ಲ, ಚಳಿಗಾಲದ ಊಟ. ಅಂಗಡಿಯ ಮಾಂಸ ಆ ಹಳ್ಳಿಗಳಿಗೆ ವಿಮಾನದಲ್ಲೇ ಬರಬೇಕು. ಅವರಿಗೇ ಮಿತಿ ಬಿಗಿ ಮಾಡಿದರು, ಬೇಸರದಿಂದಲೇ ಒಪ್ಪಿದರು. ನಿಮ್ಮ ಮೊಲಕ್ಕೆ ಬರೋಣ: ಹೊಲದ ಬೇಲಿಗೆ ಹಾಕಿದ ಉರುಳಿಗೆ ಮೊಲವೇ ಬೀಳಬೇಕು ಅಂತೇನಿಲ್ಲ, ಚಿರತೆ ಬೀಳುತ್ತೆ, ಕರಡಿ ಬೀಳುತ್ತೆ. ಆಮೇಲೆ ಕೇಸು ಮೊಲದ್ದಾಗಿರಲ್ಲ.

ಪ್ರಶ್ನೆ: ಕ್ಯಾರಿಬೂ ಸಾರಿಗೆ ಮುದ್ದೆ ಹೊಂದುತ್ತಾ?
ಓದುಗರು, ಮುಳಬಾಗಿಲು

ಹೊಂದದೆ ಏನು! ಕೊಬ್ಬು ಕಮ್ಮಿ ಇರುವ ಮಾಂಸ, ಹಂದಿ ಕುರಿ ಥರ ಎಣ್ಣೆ ಬಿಡಲ್ಲ, ಅದಕ್ಕೆ ಒಗ್ಗರಣೆಗೆ ಕೈ ಸ್ವಲ್ಪ ಧಾರಾಳ ಇರಲಿ. ಕುತ್ತಿಗೆ, ಮುಂದೊಡೆಯ ತುಂಡು ಸಾರಿಗೆ, ಸಣ್ಣ ಉರಿಯಲ್ಲಿ ಬಹಳ ಹೊತ್ತು. ಬೆನ್ನಿನ ಮಾಂಸ ಸಾರಿಗೆ ಹಾಕಿ ಹಾಳು ಮಾಡಬೇಡಿ, ಮೆಣಸು ಹಾಕಿ ಹುರಿಯಿರಿ. ಕಾಡು ಮಾಂಸ, ಹಸಿಬಿಸಿ ಬೇಡ, ಚೆನ್ನಾಗಿ ಬೇಯಲಿ. ರಾಗಿಹಿಟ್ಟು ಇಲ್ಲಿಂದಲೇ ಒಯ್ಯುವುದಾದರೆ ಸೀಲ್ ಆದ ಪ್ಯಾಕೆಟ್ ಕೊಂಡು ದೊಡ್ಡ ಸೂಟ್‌ಕೇಸಿಗೆ ಹಾಕಿ, ಅಮೆರಿಕದಲ್ಲಿ ಇಳಿದಾಗ ತಿನ್ನುವ ಸಾಮಾನು ಇದೆ ಅಂತ ಮೊದಲೇ ಹೇಳಿಬಿಡಿ.