ಜೋನ್ಸ್ ಮುಂದಿನ ಜಡ್ಜ್ ಆಗುವರೇ? ಬೇಸ್‌ಬಾಲ್ ಓದುಗರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಓದುಗರಿಂದ ಬೇಸ್‌ಬಾಲ್ ಕುರಿತ ಪತ್ರಗಳು ಈಚೆಗೆ ಹೆಚ್ಚಾಗಿ ಬರುತ್ತಿವೆ. ನ್ಯೂಯಾರ್ಕ್ ಯಾಂಕೀಸ್ ತಂಡದ ಯುವ ಆಟಗಾರ ಸ್ಪೆನ್ಸರ್ ಜೋನ್ಸ್ ಅವರ ಭವಿಷ್ಯದ ಬಗೆಗಿನ ಚರ್ಚೆಯೇ ಅವುಗಳಲ್ಲಿ ಮುಖ್ಯವಾದುದರಿಂದ, ಈ ಬಾರಿಯ ಕ್ರೀಡಾ ಪ್ರಶ್ನೋತ್ತರವನ್ನು ಅದಕ್ಕೂ ಅದರ ಆಸುಪಾಸಿನ ವಿಷಯಗಳಿಗೂ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಾವು ನ್ಯೂ ಜೆರ್ಸಿಯ ಬ್ರಿಜ್‌ವಾಟರ್‌ನಲ್ಲಿದ್ದೇವೆ. ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಇಲ್ಲಿನ ಸಾಮರ್‌ಸೆಟ್ ಪೇಟ್ರಿಯಟ್ಸ್ ತಂಡದ ಪಂದ್ಯಗಳಿಗೆ ಹೋಗುತ್ತೇವೆ. ಆ ತಂಡದಲ್ಲಿ ಆಡಿ ಮೇಲೇರಿದ ಸ್ಪೆನ್ಸರ್ ಜೋನ್ಸ್ ವಿಷಯದಲ್ಲಿ ನನಗೂ ನನ್ನ ಮಗನಿಗೂ ಮುಗಿಯದ ವಾದ. ಯಾಂಕೀಸ್‌ನ ಹೆಸರಾಂತ ಹೊಡೆತಗಾರ ಆರನ್ ಜಡ್ಜ್ ಅವರಂಥ ಇನ್ನೊಬ್ಬರು ಇವರೇ ಎನ್ನುತ್ತಾನೆ ಮಗ. ಇಷ್ಟೊಂದು ಸಲ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಬಿದ್ದು ಔಟ್) ಆಗುವವರು ಬೇಸ್‌ಬಾಲ್‌ನ ಅತ್ಯುನ್ನತ ಹಂತವಾದ ಮೇಜರ್ ಲೀಗ್‌ನಲ್ಲಿ ನಿಲ್ಲಲಾರರು ಎನ್ನುತ್ತೇನೆ ನಾನು. ನಮ್ಮಿಬ್ಬರಲ್ಲಿ ಯಾರು ಸರಿ?

ಉತ್ತರ: ನಿಮ್ಮ ಮಗ ಜೋನ್ಸ್ ಅವರನ್ನು ಜಡ್ಜ್ ಅವರಿಗೆ ಹೋಲಿಸುವುದರಲ್ಲಿ ಆಶ್ಚರ್ಯವಿಲ್ಲ. ಇಬ್ಬರೂ ಆರೂವರೆ ಅಡಿ ಎತ್ತರದವರು, ಇಬ್ಬರೂ ಔಟ್‌ಫೀಲ್ಡ್‌ನವರು (ಮೈದಾನದ ಹೊರಭಾಗ ಕಾಯುವವರು), ಇಬ್ಬರನ್ನೂ ಯಾಂಕೀಸ್ ತಂಡವೇ ಕಾಲೇಜಿನಿಂದ ಮೊದಲ ಸುತ್ತಿನ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಕ್ರಮ) ಆರಿಸಿಕೊಂಡಿತು. ಜಡ್ಜ್ ಅವರನ್ನು 2013ರಲ್ಲಿ 32ನೆಯವರಾಗಿಯೂ, ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಜೋನ್ಸ್ ಅವರನ್ನು 2022ರಲ್ಲಿ 25ನೆಯವರಾಗಿಯೂ ತೆಗೆದುಕೊಂಡರು. ಹೋಲಿಕೆ ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು.

ಜೋನ್ಸ್ 2024ರಲ್ಲಿ ನಿಮ್ಮ ಊರಿನ ಮೈದಾನದಲ್ಲಿ, ಅಂದರೆ ಮೇಜರ್ ಲೀಗ್‌ಗಿಂತ ಎರಡು ಮೆಟ್ಟಿಲು ಕೆಳಗಿನ ಡಬಲ್-ಎ ಹಂತದಲ್ಲಿ, 122 ಪಂದ್ಯಗಳನ್ನಾಡಿ 200 ಸಲ ಸ್ಟ್ರೈಕ್‌ಔಟ್ ಆದರು; ಹೊಡೆದ ಹೋಮ್‌ರನ್ (ಚೆಂಡನ್ನು ಮೈದಾನದಾಚೆ ಅಟ್ಟುವ ಹೊಡೆತ) 17. ಮರುವರ್ಷ ಅದೇ ಹಂತದಲ್ಲಿ ಮತ್ತೆ ಆರಂಭಿಸಿ, ಮಧ್ಯದಲ್ಲಿ ಅದರ ಮೇಲಿನ ಟ್ರಿಪಲ್-ಎ ಹಂತದ ಸ್ಕ್ರ್ಯಾಂಟನ್/ವಿಲ್ಕ್ಸ್-ಬ್ಯಾರಿ ತಂಡಕ್ಕೆ ಬಡ್ತಿ ಪಡೆದು, ಎರಡೂ ಕಡೆ ಸೇರಿ 116 ಪಂದ್ಯಗಳಲ್ಲಿ 35 ಹೋಮ್‌ರನ್ ಹೊಡೆದರು, 29 ಬೇಸ್‌ಗಳನ್ನು ಕದ್ದರು (ಎಸೆತದ ಹೊತ್ತಿನಲ್ಲಿ ಓಡಿ ಮುಂದಿನ ಬೇಸ್ ಮುಟ್ಟುವುದು). ಮೇಲಿನ ಹಂತಕ್ಕೆ ಹೋದ ಮೊದಲ ವಾರಗಳಲ್ಲಂತೂ ಅವರ ಹೊಡೆತ ಕಂಡವರೆಲ್ಲ ನಾಳೆಯೇ ಇವರನ್ನು ಯಾಂಕೀ ಕ್ರೀಡಾಂಗಣಕ್ಕೆ ಕರೆಸಬೇಕೆಂದು ಕೂಗಿದರು. ಆಗಸ್ಟ್ ಬರುವ ಹೊತ್ತಿಗೆ ಆ ಅಬ್ಬರ ಇಳಿಯಿತು. ಇಷ್ಟೆಲ್ಲ ಚೆನ್ನಾಗಿ ಆಡಿದ ವರ್ಷದಲ್ಲಿಯೂ ಅವರು ಬ್ಯಾಟ್ ಹಿಡಿದು ನಿಂತ ಪ್ರತಿ ಮೂರು ಸರದಿಗಳಲ್ಲಿ ಒಂದಕ್ಕಿಂತ ಹೆಚ್ಚು ಸ್ಟ್ರೈಕ್‌ಔಟ್‌ನಲ್ಲಿಯೇ ಮುಗಿದವು ಎಂಬುದನ್ನು ಅಭಿಮಾನಿಗಳು ಮರೆಯುತ್ತಾರೆ. ಮೇಜರ್ ಲೀಗ್‌ನ ಸರಾಸರಿ ಶೇ. 22ರ ಆಸುಪಾಸಿನಲ್ಲಿದೆ.

ಜಡ್ಜ್ ಕೂಡ ಹಾಗೆಯೇ ಇದ್ದರಲ್ಲ ಎಂದು ಮಗ ಕೇಳಬಹುದು, ಕೇಳಿಯೂ ಇರಬಹುದು. ಜಡ್ಜ್ 2016ರಲ್ಲಿ ಮೇಜರ್ ಲೀಗ್‌ಗೆ ಬಂದಾಗ 84 ಅಟ್-ಬ್ಯಾಟ್‌ಗಳಲ್ಲಿ (ಲೆಕ್ಕಕ್ಕೆ ಬರುವ ಬ್ಯಾಟಿಂಗ್ ಸರದಿ) 42 ಸಲ ಸ್ಟ್ರೈಕ್‌ಔಟ್ ಆಗಿ .179ರ ಸರಾಸರಿಯಲ್ಲಿ (ಸಾವಿರ ಅಟ್-ಬ್ಯಾಟ್‌ಗಳಿಗೆ 179 ಹಿಟ್ ಎಂಬ ಲೆಕ್ಕ) ಒದ್ದಾಡಿದ್ದೂ, ಮರುವರ್ಷವೇ 52 ಹೋಮ್‌ರನ್ ಹೊಡೆದು ವರ್ಷದ ಹೊಸ ಆಟಗಾರ ಪ್ರಶಸ್ತಿ ಗೆದ್ದದ್ದೂ, 2022ರಲ್ಲಿ 62 ಹೋಮ್‌ರನ್‌ಗಳೊಂದಿಗೆ ಅಮೆರಿಕನ್ ಲೀಗ್ ದಾಖಲೆ ಬರೆದದ್ದೂ ನಿಜ. ಆದರೆ ಅದಕ್ಕೆ ಮುಂಚೆ ಅದೇ ಸ್ಕ್ರ್ಯಾಂಟನ್ ತಂಡದಲ್ಲಿ ಅವರು ಸ್ಟ್ರೈಕ್‌ಔಟ್ ಆಗುತ್ತಿದ್ದುದು ಸುಮಾರು ನಾಲ್ಕು ಸರದಿಗೊಮ್ಮೆ. ಮೇಲಿನ ಪಿಚರ್‌ಗಳೆದುರು (ಚೆಂಡು ಎಸೆಯುವವರು) ಆ ಪ್ರಮಾಣ ಏರಿತು, ಬಹುತೇಕ ಎಲ್ಲರಿಗೂ ಏರುತ್ತದೆ. ಕೆಳಗಿನ ಹಂತದಲ್ಲಿಯೇ ಮೂರಕ್ಕೊಂದನ್ನು ದಾಟಿರುವವರ ಪ್ರಮಾಣ ಮೇಲೆ ಹೋದಾಗ ಎಲ್ಲಿಗೆ ಮುಟ್ಟೀತು ಎಂಬುದೇ ಜೋನ್ಸ್ ಕುರಿತ ಇಡೀ ವಾದದ ತಿರುಳು. ಜೊತೆಗೆ ವಯಸ್ಸನ್ನು ನೋಡಬೇಕು. 2001ರ ಮೇ ತಿಂಗಳಲ್ಲಿ ಹುಟ್ಟಿದ ಜೋನ್ಸ್ 2025ರ ಋತುವಿನಲ್ಲಿ 24ರವರು. ಒಮ್ಮೆ ಕಂಡ ಹಂತದಲ್ಲಿಯೇ ಎರಡನೆಯ ಸಲ ಆಡುವಾಗ ಚೆಂದದ ಅಂಕಿ ಅಂಶ ಬಂದರೆ ಅದರಿಂದ ಸ್ವಲ್ಪ ಕಳೆದು ಓದುವುದು ಆಟಗಾರರನ್ನು ಹುಡುಕುವ ಅನುಭವಿ ಸ್ಕೌಟ್‌ಗಳ ರೂಢಿ.

ಹಾಗೆಂದು ಅಂಥವರು ನಿಲ್ಲುವುದೇ ಇಲ್ಲ ಎಂಬ ನಿಮ್ಮ ಮಾತನ್ನೂ ಪೂರ್ತಿ ಒಪ್ಪಲಾಗದು. ಏಂಜಲ್ಸ್ ತಂಡದ ಬ್ರ್ಯಾಂಡನ್ ವುಡ್ ನಿಮ್ಮ ಪರವಾದ ಸಾಕ್ಷಿ. 2005ರಲ್ಲಿ ರ‍್ಯಾಂಚೊ ಕುಕಮಾಂಗದ ಕೆಳ ಹಂತದ ತಂಡದಲ್ಲಿ 43 ಹೋಮ್‌ರನ್ ಹೊಡೆದು ದೇಶದ ಕಣ್ಣು ಸೆಳೆದ ಅವರು ಮೇಜರ್ ಲೀಗ್‌ನಲ್ಲಿ .186ರ ಸರಾಸರಿಯೊಂದಿಗೆ ಮರೆಯಾದರು. ಆ ತಂಡ ಆಡುತ್ತಿದ್ದ ಕ್ಯಾಲಿಫೋರ್ನಿಯ ಲೀಗ್‌ನ ಮೈದಾನಗಳೂ ಗಾಳಿಯೂ ಬ್ಯಾಟ್ಸ್‌ಮನ್‌ಗಳಿಗೆ ಒಲಿದವು ಎಂಬುದನ್ನು ಆ 43ರ ಉತ್ಸಾಹದಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಇನ್ನೊಬ್ಬರು ಜೋಯಿ ಗ್ಯಾಲೊ. ಸ್ಟ್ರೈಕ್‌ಔಟ್ ಪ್ರಮಾಣ ವೃತ್ತಿಜೀವನದುದ್ದಕ್ಕೂ ಮೂರಕ್ಕೊಂದನ್ನು ಮೀರಿದ್ದರೂ, ಸರಾಸರಿ .194ಕ್ಕೆ ಕುಸಿದರೂ, ಅವರು 208 ಹೋಮ್‌ರನ್ ಹೊಡೆದರು, ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿಯನ್ನು ಎರಡು ಸಲ ಗೆದ್ದರು, ಎರಡು ಸಲ ಆಲ್‌ಸ್ಟಾರ್ ಆದರು. ಯಾಂಕೀಸ್ ಅಭಿಮಾನಿಗಳಿಗೆ ಈ ಹೆಸರು ಹಿಡಿಸದು. 2021ರಿಂದ 2022ರವರೆಗೆ ಅವರು ಆ ತಂಡದಲ್ಲಿದ್ದಾಗ ಸ್ವಂತ ಮೈದಾನದಲ್ಲಿಯೇ ಮೂದಲಿಕೆಯ ಕೂಗು ಕೇಳಬೇಕಾಯಿತು. ಆದರೂ ಜೋನ್ಸ್ ಅವರಿಗೆ ಹತ್ತಿರದ ಅಳತೆಗೋಲು ಜಡ್ಜ್ ಅಲ್ಲ, ವುಡ್ ಕೂಡ ಅಲ್ಲ, ಗ್ಯಾಲೊ ಅವರೇ ಎಂಬುದು ನನ್ನ ಅಭಿಪ್ರಾಯ. ಇಷ್ಟು ಎತ್ತರದ ಮೈಕಟ್ಟಿನಲ್ಲಿ ಸೆಂಟರ್ ಫೀಲ್ಡ್ ಕಾಯಬಲ್ಲ, 29 ಬೇಸ್ ಕದಿಯಬಲ್ಲ ಆಟಗಾರನಿಗೆ, ಬ್ಯಾಟು ಅರ್ಧ ಕೈಕೊಟ್ಟರೂ, ತಂಡದಲ್ಲಿ ಒಂದು ಜಾಗ ಇದ್ದೇ ಇರುತ್ತದೆ. ಕೆಲವು ವರ್ಷ ಬಲಗೈ ಪಿಚರ್‌ಗಳೆದುರು ಮಾತ್ರ ಆಡಿ 20, 25 ಹೋಮ್‌ರನ್ ಹೊಡೆಯುವ ಎಡಗೈ ಬ್ಯಾಟ್ಸ್‌ಮನ್: ಪಣ ಕಟ್ಟಬೇಕೆಂದಿದ್ದರೆ ನಾನು ಇದಕ್ಕೆ ಕಟ್ಟುತ್ತೇನೆ.

ಪ್ರಶ್ನೆ: ಡಬಲ್-ಎ, ಟ್ರಿಪಲ್-ಎ ಎಂದರೇನು? ನಮ್ಮ ರಣಜಿ ಟ್ರೋಫಿಯಂಥದ್ದೇ? (ಮೈಸೂರಿನ ಓದುಗರು)

ಉತ್ತರ: ಅಲ್ಲ. ರಣಜಿಯಲ್ಲಿ ಕರ್ನಾಟಕ ತಂಡ ತನ್ನ ಸಲುವಾಗಿ ಗೆಲ್ಲಲು ಆಡುತ್ತದೆ. ಮೈನರ್ ಲೀಗ್ ತಂಡದ ಆಟಗಾರರು, ತರಬೇತುದಾರರು ಎಲ್ಲರೂ ಮೇಲಿನ ಮೇಜರ್ ಲೀಗ್ ತಂಡದ ನೌಕರರು. 1920ರ ದಶಕದಿಂದ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡಕ್ಕಾಗಿ ಬ್ರ್ಯಾಂಚ್ ರಿಕಿ ಕಟ್ಟಿದ ವ್ಯವಸ್ಥೆಯೇ ಇಂದಿಗೂ ಬುನಾದಿ. 2021ರ ಪುನರ್ರಚನೆಯ ನಂತರ 30 ಮೇಜರ್ ಲೀಗ್ ತಂಡಗಳಲ್ಲಿ ಪ್ರತಿಯೊಂದಕ್ಕೂ ನಾಲ್ಕು ಹಂತಗಳಲ್ಲಿ ನಾಲ್ಕು ತಂಡಗಳಂತೆ ಒಟ್ಟು 120 ತಂಡಗಳಿವೆ: ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ. ಅದಕ್ಕೂ ಕೆಳಗೆ ಫ್ಲಾರಿಡ, ಅರಿಜೋನ ಮತ್ತು ಡೊಮಿನಿಕನ್ ಗಣರಾಜ್ಯದಲ್ಲಿ ಎಳೆಯರ ಲೀಗ್‌ಗಳಿವೆ. ಕೆಳಗಿನ ತಂಡ ಪ್ರಶಸ್ತಿಯ ಅಂಚಿನಲ್ಲಿದ್ದರೂ ಮೇಲಿನವರಿಗೆ ಬೇಕಾದರೆ ಅದರ ಉತ್ತಮ ಆಟಗಾರ ಅಂದೇ ಹೊರಡಬೇಕು.

ಪ್ರಶ್ನೆ: 35 ಹೋಮ್‌ರನ್ ಹೊಡೆದವರನ್ನು ಯಾಂಕೀಸ್ 2025ರಲ್ಲಿ ಏಕೆ ಮೇಲಕ್ಕೆ ಕರೆಯಲಿಲ್ಲ? ಹಣ ಉಳಿಸುವ ತಂತ್ರವೆಂದು ಗೆಳೆಯರು ಹೇಳುತ್ತಾರೆ.

ಉತ್ತರ: ಅಂಥ ತಂತ್ರ ಇರುವುದು ನಿಜ. ಮೇಜರ್ ಲೀಗ್‌ನಲ್ಲಿ 172 ದಿನ ಕಳೆದರೆ ಒಂದು ಸೇವಾವರ್ಷ. ಆರು ಸೇವಾವರ್ಷ ತುಂಬಿದ ಮೇಲೆ ಆಟಗಾರ ಬೇಕಾದ ತಂಡಕ್ಕೆ ಹೋಗಲು ಸ್ವತಂತ್ರ. 2015ರಲ್ಲಿ ಶಿಕಾಗೊ ಕಬ್ಸ್ ತಂಡ ಕ್ರಿಸ್ ಬ್ರಯಂಟ್ ಅವರನ್ನು ಋತುವಿನ ಮೊದಲ ಕೆಲವು ದಿನ ಕೆಳಗೇ ಇರಿಸಿದ್ದರಿಂದ ಅವರ ಲೆಕ್ಕ 171ಕ್ಕೆ ನಿಂತು, ತಂಡಕ್ಕೆ ಇನ್ನೊಂದು ವರ್ಷ ಅವರ ಮೇಲಿನ ಹಕ್ಕು ಉಳಿಯಿತು. ಆಟಗಾರರ ಸಂಘದ ದೂರು 2020ರಲ್ಲಿ ಬಿದ್ದುಹೋಯಿತು. 2022ರ ಒಪ್ಪಂದದ ಪ್ರಕಾರ, ವರ್ಷದ ಹೊಸ ಆಟಗಾರ ಪ್ರಶಸ್ತಿಯ ಮತದಾನದಲ್ಲಿ ಮೊದಲೆರಡು ಸ್ಥಾನ ಪಡೆದವರಿಗೆ ಪೂರ್ಣ ಸೇವಾವರ್ಷ ಸಿಗುತ್ತದೆಯಾದ್ದರಿಂದ ಈ ಆಟ ಈಗ ಮೊದಲಿನಷ್ಟು ಲಾಭದ್ದಲ್ಲ.

ಜೋನ್ಸ್ ವಿಷಯದಲ್ಲಿ ಮಾತ್ರ ಈ ಆರೋಪ ನನಗೆ ಒಪ್ಪಿಗೆಯಾಗುವುದಿಲ್ಲ. 2025ರ ಋತುವಿನಲ್ಲಿ ಯಾಂಕೀಸ್ ಸೆಂಟರ್ ಫೀಲ್ಡ್‌ನಲ್ಲಿದ್ದ ಟ್ರೆಂಟ್ ಗ್ರಿಶಮ್ 34 ಹೋಮ್‌ರನ್ ಹೊಡೆದರು, ಇನ್ನೊಂದು ವರ್ಷ ಇರಲೂ ಒಪ್ಪಿದರು. ಬಲಬದಿಯಲ್ಲಿ ಜಡ್ಜ್ ಇದ್ದಾರೆ. ಬೆಂಚಿನ ಮೇಲೆ ಕೂರಿಸಲು 24ರ ಹುಡುಗನನ್ನು ಕರೆಸುವುದು ಬೆಳವಣಿಗೆಗೆ ಒಳಿತಲ್ಲ. ಅಲ್ಲದೆ ನವೆಂಬರ್ 2025ರಲ್ಲಿ ತಂಡ ಅವರನ್ನು ತನ್ನ 40 ಆಟಗಾರರ ಪಟ್ಟಿಗೆ ಸೇರಿಸಿಕೊಂಡಿತು. ಸೇರಿಸದಿದ್ದರೆ ಡಿಸೆಂಬರ್‌ನ ರೂಲ್ 5 ಡ್ರಾಫ್ಟ್‌ನಲ್ಲಿ ಬೇರೆ ಯಾವ ತಂಡವಾದರೂ ಅವರನ್ನು ಎತ್ತಿಕೊಳ್ಳಬಹುದಾಗಿತ್ತು. ಪಟ್ಟಿಗೆ ಸೇರಿದವರನ್ನು ಸಾಮಾನ್ಯವಾಗಿ ಮೂರು ಋತುಗಳಲ್ಲಿ ಮಾತ್ರ ಕೆಳಗೆ ಕಳುಹಿಸಲು ಅವಕಾಶ. ಹಾಗಾಗಿ ಈ ವಾದಕ್ಕೆ ಕೊನೆಯ ದಿನಾಂಕವೊಂದು ನಿಗದಿಯಾದಂತಾಗಿದೆ; ಬಹುಶಃ ಅದಕ್ಕೆ ಮುಂಚೆಯೇ ಅವರನ್ನು ಬೇರೆ ತಂಡಕ್ಕೆ ವಿನಿಮಯ ಮಾಡಿಕೊಳ್ಳುವರು. ಯಾಂಕೀಸ್‌ಗೆ ಇದು ಹೊಸದಲ್ಲ: 2011ರಲ್ಲಿ 18 ಪಂದ್ಯಗಳಲ್ಲಿ .328ರ ಸರಾಸರಿಯಿಂದ ಮಿಂಚಿದ ಹೆಸೂಸ್ ಮೊಂಟೆರೊ ಅವರನ್ನು ಮರುವರ್ಷದ ಜನವರಿಯಲ್ಲಿ ಪಿಚರ್ ಮೈಕೆಲ್ ಪಿನೇಡ ಅವರಿಗಾಗಿ ಸಿಯಾಟಲ್ ತಂಡಕ್ಕೆ ಕೊಟ್ಟಾಗ ಅಭಿಮಾನಿಗಳು ಕೆರಳಿದರು. ಮೊಂಟೆರೊ ಅಲ್ಲಿ ನೆಲೆಯೂರಲೇ ಇಲ್ಲ.

ಪ್ರಶ್ನೆ: ಎತ್ತರದವರಿಗೆ ಅಂಪೈರ್‌ಗಳು ಅನ್ಯಾಯ ಮಾಡುತ್ತಾರೆಂಬ ಮಾತಿದೆ. ಎಸೆತದ ತೀರ್ಪು ಕೊಡುವ ಯಂತ್ರ ಬಂದರೆ ಜೋನ್ಸ್ ಅವರಿಗೆ ಅನುಕೂಲವೇ?

ಉತ್ತರ: ಸ್ವಲ್ಪ ಮಟ್ಟಿಗೆ. ಮೊಣಕಾಲಿನ ಕೆಳಗೆ ಹೋದ ಎಸೆತವನ್ನೂ ಸ್ಟ್ರೈಕ್ (ಹೊಡೆಯಬಹುದಾದ ವಲಯದೊಳಗಿನ ಎಸೆತ) ಎಂದು ಕೊಡುತ್ತಾರೆಂಬುದು ಜಡ್ಜ್ ಅಭಿಮಾನಿಗಳ ಹಳೆಯ ದೂರು. 2026ರ ಋತುವಿನಿಂದ ಮೇಜರ್ ಲೀಗ್‌ನಲ್ಲಿ ಜಾರಿಗೊಳಿಸಿರುವ ಪದ್ಧತಿಯಲ್ಲಿ ಬ್ಯಾಟ್ಸ್‌ಮನ್, ಪಿಚರ್ ಅಥವಾ ಕ್ಯಾಚರ್ ತೀರ್ಪನ್ನು ಪ್ರಶ್ನಿಸಬಹುದು. ಯಂತ್ರವು ಆಟಗಾರನ ಎತ್ತರದ ಶೇ. 27ರಿಂದ ಶೇ. 53.5ರವರೆಗಿನ ಭಾಗವನ್ನು ಸ್ಟ್ರೈಕ್ ವಲಯವೆಂದು ಎಣಿಸುತ್ತದೆ. ಟ್ರಿಪಲ್-ಎ ಹಂತದಲ್ಲಿ ಇದನ್ನು ಮೊದಲೇ ಪರೀಕ್ಷಿಸಿದ್ದರಿಂದ ಜೋನ್ಸ್ ಅವರಿಗೆ ಇದರ ರೂಢಿಯಿದೆ. ಆದರೆ ಎತ್ತರದವರ ವಲಯ ನ್ಯಾಯವಾಗಿಯೇ ದೊಡ್ಡದು, ಅವರ ಉದ್ದನೆಯ ತೋಳುಗಳಿಗೆ ಒಳಬದಿಯ ವೇಗದ ಎಸೆತ ಕಷ್ಟ. ಅದಕ್ಕೆ ಯಂತ್ರದಲ್ಲಿ ಪರಿಹಾರವಿಲ್ಲ.

ಪ್ರಶ್ನೆ: ಡ್ರಾಫ್ಟ್‌ನಲ್ಲಿ ಮೊದಲು ಆಯ್ಕೆಯಾದವರೂ ಸೋಲುತ್ತಾರೆ, ಕೊನೆಗೆ ಆಯ್ಕೆಯಾದವರೂ ಗೆಲ್ಲುತ್ತಾರೆ ಎಂದ ಮೇಲೆ ಈ ಭವಿಷ್ಯವಾಣಿಗಳಿಗೆ ಬೆಲೆ ಏನು?

ಉತ್ತರ: ಅಪವಾದಗಳು ಕಣ್ಣಿಗೆ ಬೀಳುವುದರಿಂದಲೇ ಹಾಗೆ ಅನಿಸುತ್ತದೆ. 1988ರ ಡ್ರಾಫ್ಟ್‌ನ 62ನೆಯ ಸುತ್ತಿನಲ್ಲಿ, 1,390ನೆಯವರಾಗಿ, ಮನೆಯವರ ಪರಿಚಯದ ಮೇಲೆ ಆಯ್ಕೆಯಾದ ಮೈಕ್ ಪಿಯಾಟ್ಸ 2016ರಲ್ಲಿ ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್ ಸೇರಿದರು. ವೆನೆಜುವೆಲದ ಹೊಸೆ ಆಲ್ಟುವೆ ಕುಳ್ಳರೆಂದು ಮೊದಲ ದಿನದ ಆಯ್ಕೆ ಶಿಬಿರದಿಂದ ವಾಪಸು ಹೋಗಿ, ಮರುದಿನ ವಯಸ್ಸಿನ ಸಾಕ್ಷಿಗೆ ಜನನ ಪ್ರಮಾಣಪತ್ರದೊಂದಿಗೆ ಮತ್ತೆ ಬಂದು, 15,000 ಡಾಲರ್‌ಗೆ ಸಹಿ ಹಾಕಿದವರು. 2017ರಲ್ಲಿ ಅಮೆರಿಕನ್ ಲೀಗ್‌ನ ಅತ್ಯಮೂಲ್ಯ ಆಟಗಾರರಾದರು. ಇನ್ನೊಂದು ತುದಿಯಲ್ಲಿ, 1991ರಲ್ಲಿ ಯಾಂಕೀಸ್ ಮೊದಲ ಆಯ್ಕೆಯಾಗಿ 15.5 ಲಕ್ಷ ಡಾಲರ್ ಕೊಟ್ಟು ಕರೆತಂದ ಪಿಚರ್ ಬ್ರಯನ್ ಟೇಲರ್ ಹೊಡೆದಾಟವೊಂದರಲ್ಲಿ ಎಡ ಭುಜಕ್ಕೆ ಪೆಟ್ಟು ಮಾಡಿಕೊಂಡು ಮೇಜರ್ ಲೀಗ್ ಮುಟ್ಟಲೇ ಇಲ್ಲ. ಆದರೂ ಮೊದಲ ಸುತ್ತಿನವರು ಕೊನೆಯ ಸುತ್ತಿನವರಿಗಿಂತ ಬಹಳ ಹೆಚ್ಚಿನ ಪ್ರಮಾಣದಲ್ಲಿ ಮೇಲೇರುತ್ತಾರೆ. ಕಾಲವನ್ನೂ ಕೊಡಬೇಕು: 2022ರ ಮೊದಲ ಆಯ್ಕೆ ಜ್ಯಾಕ್ಸನ್ ಹಾಲಿಡೇ 2024ರ ಏಪ್ರಿಲ್‌ನಲ್ಲಿ 34 ಅಟ್-ಬ್ಯಾಟ್‌ಗಳಲ್ಲಿ ಎರಡೇ ಹಿಟ್ ಗಳಿಸಿ ಕೆಳಗಿಳಿದರು, ಜುಲೈ ಕೊನೆಯಲ್ಲಿ ಮರಳಿದ ದಿನವೇ ಗ್ರ್ಯಾಂಡ್ ಸ್ಲ್ಯಾಮ್ (ಮೂರೂ ಬೇಸ್ ತುಂಬಿದ್ದಾಗಿನ ಹೋಮ್‌ರನ್) ಹೊಡೆದರು.

ಪ್ರಶ್ನೆ: ಭಾರತೀಯ ಮೂಲದವರು ಯಾರಾದರೂ ಈ ದಾರಿಯಲ್ಲಿ ಮೇಲೇರಿದ್ದಾರೆಯೇ? (ಬೆಂಗಳೂರಿನ ವಿದ್ಯಾರ್ಥಿ)

ಉತ್ತರ: ಏರಿದ್ದಾರೆ, ಅದೂ ಜೋನ್ಸ್ ಅವರ ಕಾಲೇಜು ತಂಡದವರೇ. ಕುಮಾರ್ ರಾಕರ್ ಅವರ ತಾಯಿಯ ಕುಟುಂಬ ಭಾರತದಿಂದ ಹೋದುದು. 2019ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಎದುರು ಒಂದೂ ಹಿಟ್ ಕೊಡದೆ 19 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದ ಈ ಪಿಚರ್ ಅವರನ್ನು 2021ರಲ್ಲಿ ನ್ಯೂಯಾರ್ಕ್ ಮೆಟ್ಸ್ ಹತ್ತನೆಯವರಾಗಿ ಆರಿಸಿ, ವೈದ್ಯಕೀಯ ತಪಾಸಣೆಯ ನಂತರ ಒಪ್ಪಂದದಿಂದ ಹಿಂದೆ ಸರಿಯಿತು. ಅವರು ಯಾವ ಮೇಜರ್ ಲೀಗ್ ತಂಡಕ್ಕೂ ಸೇರದ ಸ್ವತಂತ್ರ ಲೀಗ್‌ನಲ್ಲಿ ಆಡಿ, ಮರುವರ್ಷ ಟೆಕ್ಸಸ್ ರೇಂಜರ್ಸ್ ತಂಡಕ್ಕೆ ಮೂರನೆಯ ಆಯ್ಕೆಯಾಗಿ ಹೋದರು. 2023ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ ಆಯಿತು. 2024ರ ಸೆಪ್ಟೆಂಬರ್‌ನಲ್ಲಿ ಮೇಜರ್ ಲೀಗ್‌ಗೆ ಕಾಲಿಟ್ಟರು.

ಭಾರತದಲ್ಲಿಯೇ ಬೆಳೆದು ಹೋದವರೆಂದರೆ ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್. (ಈ ರಿಂಕು ಕ್ರಿಕೆಟಿಗರಲ್ಲ.) ಜಾವೆಲಿನ್ ಎಸೆಯುತ್ತಿದ್ದ ಇಬ್ಬರನ್ನೂ 2008ರ ಟಿವಿ ಸ್ಪರ್ಧೆಯೊಂದರ ಮೂಲಕ ಹುಡುಕಿ ಪಿಟ್ಸ್‌ಬರ್ಗ್ ಪೈರೇಟ್ಸ್ ಸೇರಿಸಿಕೊಂಡಿತು. ದಿನೇಶ್ ಎರಡು ವರ್ಷಗಳಲ್ಲಿ ಊರಿಗೆ ಮರಳಿದರು. ರಿಂಕು ಸಿಂಗಲ್-ಎ ಹಂತದವರೆಗೆ ಏರಿ, ಗಾಯಗಳ ಕಾರಣ ಆಟ ಬಿಟ್ಟು ವೃತ್ತಿಪರ ಕುಸ್ತಿಗೆ ಹೋದರು.

ಪ್ರಶ್ನೆ: ನನ್ನ ತಮ್ಮನ ಮಗ ಕ್ಯಾಲಿಫೋರ್ನಿಯದ ಹೈಸ್ಕೂಲಿನಲ್ಲಿ ಚೆನ್ನಾಗಿ ಆಡುತ್ತಾನೆ. ಕಾಲೇಜು ಬಿಟ್ಟು ಮೈನರ್ ಲೀಗ್‌ಗೆ ಹೋದರೆ ಬದುಕಲು ಸಾಕಾಗುವಷ್ಟು ಸಂಬಳ ಸಿಗುತ್ತದೆಯೇ?

ಉತ್ತರ: ಸಹಿ ಮಾಡುವಾಗ ದೊಡ್ಡ ಮೊತ್ತ ಸಿಕ್ಕಿದರೆ ಯೋಚಿಸಬಹುದು, ಸಂಬಳವನ್ನೇ ನಂಬಿ ಹೋಗುವುದಾದರೆ ಬೇಡ. 2023ರಲ್ಲಿ ಮೈನರ್ ಲೀಗ್ ಆಟಗಾರರ ಪರವಾಗಿ ಆಟಗಾರರ ಸಂಘ ಮಾಡಿಕೊಂಡ ಮೊದಲ ಒಪ್ಪಂದದಲ್ಲಿ ಸಿಂಗಲ್-ಎ ಹಂತಕ್ಕೆ ವರ್ಷಕ್ಕೆ 26,200 ಡಾಲರ್, ಟ್ರಿಪಲ್-ಎ ಹಂತಕ್ಕೆ 35,800 ಡಾಲರ್ ಕನಿಷ್ಠ ಸಂಬಳವೆಂದು ನಿಗದಿಯಾಯಿತು. ಅದೇ ವರ್ಷ ಮೇಜರ್ ಲೀಗ್‌ನ ಕನಿಷ್ಠ ಸಂಬಳ 7,20,000 ಡಾಲರ್. ವಸತಿಯನ್ನು ಈಗ ತಂಡಗಳೇ ಒದಗಿಸುತ್ತವೆ. ಕಾಲೇಜಿನಲ್ಲಿ ಆಡಿದರೆ ಸಾಮಾನ್ಯವಾಗಿ ಮೂರು ವರ್ಷಗಳ ನಂತರ ಮತ್ತೆ ಡ್ರಾಫ್ಟ್‌ಗೆ ಅರ್ಹತೆ ಬರುತ್ತದೆ. ಜಡ್ಜ್, ಜೋನ್ಸ್ ಇಬ್ಬರೂ ಬಂದದ್ದು ಆ ದಾರಿಯಲ್ಲಿಯೇ.