ವಿಶ್ವವಿದ್ಯಾಲಯಗಳ ಸಹಭಾಗಿತ್ವದಿಂದ ಸುಸ್ಥಿರತೆ ಸಾಧ್ಯವೇ? ಪುರ ಗ್ರಾಮದ ಉದಾಹರಣೆ

ವಿಶ್ವವಿದ್ಯಾಲಯಗಳು ಹಳ್ಳಿಗಳೊಂದಿಗೆ ಸೇರಿ ನಡೆಸುವ ಸಂಶೋಧನೆಯಿಂದ ಸುಸ್ಥಿರ ಬದುಕಿನತ್ತ ನಿಜವಾಗಿ ಏನಾದರೂ ಬದಲಾಗುತ್ತದೆಯೇ, ಎಲ್ಲವೂ ವರದಿಯಲ್ಲೇ ಮುಗಿಯುತ್ತದೆಯೇ ಎಂದು ಕೇಳಿದ್ದೀರಿ. ಬಹುಪಾಲು ವರದಿಯಲ್ಲೇ ಮುಗಿಯುತ್ತದೆ. ನಾನು ಗ್ರಾಮೀಣ ಇಂಧನ ಯೋಜನೆಗಳಲ್ಲಿ ಕೆಲಸ ಮಾಡುವವನು. ಹಾಗೆ ಮುಗಿಯದ ಒಂದು ಪ್ರಸಂಗವನ್ನು ಹೇಳುತ್ತೇನೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಹಳಬರ ಬಾಯಲ್ಲಿ ಇಂದಿಗೂ ಅದು ಟಾಟಾ ಇನ್‌ಸ್ಟಿಟ್ಯೂಟ್) 1974ರಲ್ಲಿ ಎ.ಕೆ.ಎನ್. ರೆಡ್ಡಿ ಮತ್ತು ಸಂಗಡಿಗರು ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಘಟಕವನ್ನು ಕಟ್ಟಿದರು. ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಅದರ ಕೇಂದ್ರ ತೆರೆಯಿತು. ಹತ್ತಿರದ ಪುರ ಗ್ರಾಮದಲ್ಲಿ ಇಡೀ ಊರಿಗೆ ಒಂದೇ ಗೋಬರ್ ಗ್ಯಾಸ್ ಸ್ಥಾವರ ಹಾಕಿ, ಎಲ್ಲರ ಮನೆಯ ಅಡುಗೆಗೂ ಅನಿಲ ಕೊಡಬೇಕೆಂಬುದು ಮೊದಲ ಲೆಕ್ಕ. ಕೇಳಲು ಸೊಗಸಾಗಿತ್ತು, ಆದರೆ ಊರಿನ ದನಗಳ ಸಗಣಿ ಎಲ್ಲ ಮನೆಗಳ ಅಡುಗೆಗೆ ಸಾಲಲಿಲ್ಲ. ಅರ್ಧ ಅಡುಗೆಗೆ ಅನಿಲ, ಉಳಿದರ್ಧಕ್ಕೆ ಸೌದೆ ಎಂದಾದರೆ ಹೆಂಗಸರಿಗೆ ಅದರಿಂದ ಏನು ಲಾಭ? ಊರಿನವರ ಉತ್ಸಾಹ ಇಳಿಯಿತು.

ಸಾಮಾನ್ಯವಾಗಿ ಇಂಥ ಯೋಜನೆಗಳು ಸಾಯುವುದು ಇಲ್ಲಿಯೇ. ‘ಜನರಲ್ಲಿ ಅರಿವಿನ ಕೊರತೆ’ ಎಂದು ಷರಾ ಬರೆದು ಕಡತ ಮುಚ್ಚುತ್ತಾರೆ. ಪುರದಲ್ಲಿ ಮಾತ್ರ ಸಂಶೋಧಕರು ಊರಿನವರ ಮಾತು ಕೇಳಿದರು. ಊರಿಗೆ ಬೇಕಿದ್ದದ್ದು ಕುಡಿಯುವ ನೀರು. 1987ರಲ್ಲಿ ಅದೇ ಅನಿಲದಿಂದ ಎಂಜಿನ್ ಓಡಿಸಿ ವಿದ್ಯುತ್ ತಯಾರಿಸತೊಡಗಿದರು. ಕೊಳವೆಬಾವಿಯ ನೀರು ನಲ್ಲಿಗೆ ಬಂತು, ಸಂಜೆ ಮನೆಗಳಲ್ಲಿ ದೀಪ ಹತ್ತಿತು. ಸ್ಥಾವರ ನಡೆಸುವ ಹೊಣೆ ಊರಿನ ಯುವಕರದ್ದಾಯಿತು.

ನನಗೆ ಇಷ್ಟವಾಗುವುದು ಸಗಣಿಯ ವ್ಯವಹಾರ. ಸಗಣಿ ಕೊಟ್ಟರೆ ಹೊಲಕ್ಕೆ ಗೊಬ್ಬರ ಎಲ್ಲಿಂದ ತರುವುದು ಎಂಬ ಭಯ ಯಾವ ರೈತನಿಗೂ ಸಹಜ. ಅದಕ್ಕೆ ಅನಿಲ ತೆಗೆದ ಬಗ್ಗಡವನ್ನು ಮರಳಿನ ಹಾಸಿನ ಮೇಲೆ ಸೋಸಿ, ಕೊಟ್ಟವರಿಗೇ ಹಿಂದಿರುಗಿಸುತ್ತಿದ್ದರು. ಹೊತ್ತು ತಂದದ್ದಕ್ಕೆ ಕೆ.ಜಿ.ಗೆ ಎರಡು ಪೈಸೆ ಕೂಲಿಯೂ ಇತ್ತು. ಸಾಮಾನ್ಯವಾಗಿ ತರುತ್ತಿದ್ದವರು ಹೆಂಗಸರು ಮತ್ತು ಮಕ್ಕಳು, ಹಾಗಾಗಿ ಆ ಚಿಲ್ಲರೆ ಅವರ ಕೈಗೇ ಸೇರುತ್ತಿತ್ತು. ಯಾವ ಎಂಜಿನಿಯರಿಂಗ್ ಪಠ್ಯದಲ್ಲೂ ಸಿಗದ ಈ ಲೆಕ್ಕಾಚಾರ ಎಂಜಿನ್ನಿನಷ್ಟೇ ಮುಖ್ಯ ಎಂಬುದು ನನ್ನ ಅಭಿಪ್ರಾಯ.

ಅದೇ ಬಳಗದ ಅಸ್ತ್ರ ಒಲೆಯ ಪಾಡು ಬೇರೆ. ಒಲೆ ಒಳ್ಳೆಯದೇ: ಒಂದೇ ಉರಿಗೆ ಮೂರು ಪಾತ್ರೆ, ಹೊಗೆ ಕೊಳವೆಯಲ್ಲಿ ಹೊರಕ್ಕೆ. ಆದರೆ ಅಳತೆ ತಪ್ಪಿದರೆ ಅದು ಮಾಮೂಲಿ ಒಲೆಯೇ. ಆದ್ದರಿಂದ ತರಬೇತಿ ಪಡೆದ ಮೇಸ್ತ್ರಿಗಳು ಇಲ್ಲದ ಕಡೆ ವಿನ್ಯಾಸ ಎಷ್ಟು ಒಳ್ಳೆಯದಿದ್ದರೂ ವ್ಯರ್ಥ.

ನಿಮ್ಮ ಕಾಲೇಜು ಯಾವುದಾದರೂ ಪಂಚಾಯಿತಿಯೊಂದಿಗೆ ಒಡಂಬಡಿಕೆಗೆ ಹೊರಟಿದ್ದರೆ, ಸಹಿ ಹಾಕುವ ಫೋಟೋಗಿಂತ ಮೊದಲು ಬಜೆಟ್ ಹಾಳೆ ತೆಗೆಸಿ ನೋಡಿ. ಪ್ರಯೋಗಾಲಯದ ಉಪಕರಣಕ್ಕೆ, ಪ್ರವಾಸಕ್ಕೆ, ಸಮ್ಮೇಳನಕ್ಕೆ ಹಣ ಇರುತ್ತದೆ. ಊರಿನಲ್ಲಿ ಯಂತ್ರ ನೋಡಿಕೊಳ್ಳುವವನ ಸಂಬಳ, ಬಿಡಿಭಾಗ, ಅನುದಾನ ಮುಗಿದ ಮೇಲಿನ ದುರಸ್ತಿ ಇವುಗಳಿಗೆ ಒಂದು ಸಾಲೂ ಇಲ್ಲದಿದ್ದರೆ ಸೇರಿಸುವಂತೆ ಪಟ್ಟು ಹಿಡಿಯಿರಿ. ಅಧ್ಯಯನದ ಪ್ರಶ್ನೆಯನ್ನು ನಡುವೆ ಬದಲಿಸುವ ಅವಕಾಶವೂ ಒಡಂಬಡಿಕೆಯಲ್ಲಿ ಲಿಖಿತವಾಗಿರಲಿ. ಪುರದಲ್ಲಿ ಅಡುಗೆಯೇ ಆಗಬೇಕೆಂದು ಹಟ ಹಿಡಿದಿದ್ದರೆ ಆ ನಲ್ಲಿಗಳು ಬರುತ್ತಿರಲಿಲ್ಲ.